ಬೆಳ್ಳಿ ಕೇಬಲ್ ಹಾಕಿದ್ರೆ ಇಯರ್‌ಫೋನ್ ಸೌಂಡ್ ನಿಜವಾಗ್ಲೂ ಬದಲಾಗುತ್ತಾ?

ಪ್ರಶ್ನೆ: ನನ್ನ ಹತ್ರ ಕೇಬಲ್ ಬಿಚ್ಚೋಕಾಗೋ ಇಯರ್‌ಫೋನ್ ಇದೆ, ಒಳಗೆ ಬ್ಯಾಲೆನ್ಸ್ಡ್ ಆರ್ಮೇಚರ್ (ಪುಟ್ಟ ಸ್ಪೀಕರಿನ ಒಂದು ಬಗೆ) ಡ್ರೈವರ್‌ಗಳು. ಬೆಳ್ಳಿ ಕೇಬಲ್ ಹಾಕ್ಕೊಂಡ್ರೆ ಟ್ರೆಬಲ್ (ತೀಕ್ಷ್ಣ ಸ್ವರಗಳು) ಕ್ಲಿಯರ್ ಆಗುತ್ತೆ ಅಂತ ಎಲ್ರೂ ಹೇಳ್ತಾರೆ, ರೇಟ್ ನೋಡಿದ್ರೆ ಇಯರ್‌ಫೋನಷ್ಟೇ ಇದೆ. ತಗೋಬಹುದಾ?

ಉತ್ತರ 1: ಬೆಳ್ಳಿ ಅನ್ನೋ ಒಂದೇ ಕಾರಣಕ್ಕೆ ದುಡ್ಡು ಹಾಕ್ಬೇಡಿ. ತಾಮ್ರಕ್ಕಿಂತ ಬೆಳ್ಳಿಯ ರೆಸಿಸ್ಟೆನ್ಸ್ ಬರೀ 5-6% ಕಮ್ಮಿ, ತಾಮ್ರದ ತಂತಿ ಒಂಚೂರು ದಪ್ಪ ಮಾಡಿದ್ರೆ ಅಲ್ಲಿಗೆ ಸರಿಹೋಯ್ತು. ನೋಡ್ಬೇಕಾಗಿರೋದು ಕೇಬಲ್ ಒಟ್ಟು ಎಷ್ಟು ಓಮ್ (ರೆಸಿಸ್ಟೆನ್ಸ್ ಅಳತೆ) ಅಂತ. ಆರ್ಮೇಚರ್‌ಗಳಲ್ಲಿ ಇಂಪೀಡೆನ್ಸ್ (ಸಿಗ್ನಲ್ಲಿಗೆ ಡ್ರೈವರ್ ಒಡ್ಡೋ ಅಡ್ಡಿ) ಎಲ್ಲಾ ಸ್ವರಕ್ಕೂ ಒಂದೇ ಇರಲ್ಲ, ಈಗ ಬೇಸಲ್ಲಿ 40 ಓಮ್ ಇದ್ದು ಟ್ರೆಬಲಲ್ಲಿ 8ಕ್ಕೆ ಇಳಿಯುತ್ತೆ ಅಂದ್ಕೊಳ್ಳಿ, 1 ಓಮ್ ಕೇಬಲ್ ಹಾಕಿದ್ರೆ ಬೇಸ್ 0.2 ಡೆಸಿಬಲ್ ಇಳಿಯುತ್ತೆ ಆದ್ರೆ ಟ್ರೆಬಲ್ 1 ಡೆಸಿಬಲ್ ಇಳಿಯುತ್ತೆ, ಅಂದ್ರೆ ಟೋನೇ ಸ್ವಲ್ಪ ಮಂಕಾಗುತ್ತೆ. ಇದು ಲೋಹದ ಗುಣ ಅಲ್ಲ, ಓಮ್ ಲೆಕ್ಕ.

ಉತ್ತರ 2: ಹೌದು. ಪ್ಲೇನಾರ್ (ಚಪ್ಪಟೆ ಪದರ ಅಲ್ಲಾಡಿ ಸೌಂಡ್ ಬರೋ ಬಗೆ) ಆದ್ರೆ ಇಂಪೀಡೆನ್ಸ್ ಹೆಚ್ಚುಕಮ್ಮಿ ಫ್ಲ್ಯಾಟ್, ಅಲ್ಲಿ ವಾಲ್ಯೂಮ್ ಮಾತ್ರ ಚೂರು ಇಳಿಯುತ್ತೆ. ಎರಡು ಕೇಬಲ್ ಹೋಲಿಸೋವಾಗ ಇದೇ ಮೋಸ ಮಾಡೋದು, ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ವಾಲ್ಯೂಮ್ ಸಮ ಮಾಡ್ಕೊಂಡು ಕೇಳಿ.

ಪ್ರಶ್ನೆ ಕೇಳಿದವರು: ಮನೇಲಿ ಮಲ್ಟಿಮೀಟರ್ ಇದೆ, ಅಳೀಬಹುದಾ?

ಉತ್ತರ 1: ಅಳೀರಿ. ಮೊದ್ಲು ಎರಡೂ ಪ್ರೋಬ್ ಒಂದಕ್ಕೊಂದು ಮುಟ್ಟಿಸಿ ಬರೋ ರೀಡಿಂಗ್ ಕಳೀರಿ, ಆಮೇಲೆ ಜ್ಯಾಕಿನ ತುದಿಯಿಂದ ಪಿನ್‌ವರೆಗೆ ನೋಡಿ, ಗ್ರೌಂಡ್ (ಕರೆಂಟ್ ವಾಪಸ್ ಬರೋ) ತಂತೀದೂ ಸೇರಿಸ್ಬೇಕು. ಅಳೀತಾ ವೈರ್ ಅಲ್ಲಾಡಿಸಿ, ನಂಬರ್ ಕುಣಿದ್ರೆ ಬೆಸುಗೆ ಬಿಟ್ಟಿರ್ಬಹುದು ಇಲ್ಲಾ ಒಳಗೆ ತಂತಿ ತುಂಡಾಗಿರ್ಬಹುದು, ಆಗ ಕೇಬಲ್ ಬದಲಾಯಿಸಿ, ತಾಮ್ರದ್ದೇ ಸಾಕು.