1966–67ರ ಸೈಕೆಡೆಲಿಕ್ ಸದ್ದು ಮನೆಯಲ್ಲೇ ತೆಗೆಯೋದು ಹೇಗೆ? ಗೊತ್ತಿರೋರು ಹೇಳಿ

ಕೇಳಿದ್ದು:
ನಮ್ಮ ಮೂವರ ಬ್ಯಾಂಡಿನ ಸ್ವಂತ ಹಾಡೊಂದಕ್ಕೆ 1966–67ರ ಲಂಡನ್ ಸೈಕೆಡೆಲಿಕ್ ರಾಕ್ ಸದ್ದು ಬೇಕು. ಉಲ್ಟಾ ಗಿಟಾರ್, ಸುತ್ತುವ ದನಿ, ಒರಟು ಫಝ್ (ಗಿಟಾರ್ ಸದ್ದನ್ನು ಒಡೆದು ಒರಟಾಗಿಸೋ ಪೆಡಲ್), ಹಿಂದೆ ತಂಬೂರಿ. ಇರೋದು ಲ್ಯಾಪ್‌ಟಾಪ್, ಎರಡು ಇನ್‌ಪುಟ್ ಇರೋ ಆಡಿಯೊ ಇಂಟರ್‌ಫೇಸ್, ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್. ಯಾವ ಪ್ಲಗಿನ್ ಹಾಕಿದರೂ ತೀರಾ ನುಣ್ಣಗೆ ಬರ್ತಿದೆ. ಎಲ್ಲಿಂದ ಶುರು ಮಾಡಲಿ?

ಉತ್ತರ:
ಟೇಪಿನ ವೇಗದಿಂದ ಶುರು ಮಾಡಿ. ಬೀಟಲ್ಸ್ 1966ರಲ್ಲಿ ‘ರೇನ್’ ಹಾಡಿನ ಹಿನ್ನೆಲೆಯನ್ನು ಬೇಗ ಬೇಗ ನುಡಿಸಿ, ಟೇಪ್ ನಿಧಾನ ಮಾಡಿ ಇಳಿಸಿಕೊಂಡರು. ಆ ಡ್ರಮ್ಮಿನ ತೂಕ ಬಂದದ್ದು ಅಲ್ಲಿಂದ. ನಿಮ್ಮ ಹಾಡು ಕೊನೆಗೆ 100 ಬಿಪಿಎಂ (ನಿಮಿಷಕ್ಕೆ ಅಷ್ಟು ಬೀಟ್), ಎ ಕೀಯಲ್ಲಿ ಬೇಕಿದ್ದರೆ 112 ಬಿಪಿಎಂ, ಬಿ ಕೀಯಲ್ಲಿ ನುಡಿಸಿ. ಆಮೇಲೆ ಪ್ಲೇಬ್ಯಾಕ್ ರೇಟ್ 0.891 ಕೊಡಿ, ಎರಡು ಸೆಮಿಟೋನ್ ಇಳಿಯುತ್ತೆ. ಐಟಂ ಪ್ರಾಪರ್ಟೀಸ್‌ನಲ್ಲಿ ‘ಪ್ರಿಸರ್ವ್ ಪಿಚ್’ ಟಿಕ್ ತೆಗೆಯೋದು ಮರೆತರೆ ಹಾಡು ಬರೀ ನಿಧಾನ ಆಗುತ್ತೆ, ಸಿಂಬಲ್ ಕರಕರ ಅನ್ನುತ್ತೆ.

ಉಲ್ಟಾ ಗಿಟಾರಿಗೆ ಮಾಮೂಲಿ ಸೋಲೋ ನುಡಿಸಿ ತಿರುಗಿಸಿದರೆ ಸ್ವರಗಳು ಎಲ್ಲೆಲ್ಲೋ ಬೀಳ್ತವೆ. ಹಿನ್ನೆಲೆಯನ್ನೆಲ್ಲ ಒಂದೇ ಫೈಲಿಗೆ ರೆಂಡರ್ ಮಾಡಿ, ಆ ಫೈಲನ್ನೇ ತಿರುಗಿಸಿ, ಅದರ ಮೇಲೆ ನುಡಿಸಿ, ಕೊನೆಗೆ ಗಿಟಾರ್ ಟ್ರ್ಯಾಕ್ ತಿರುಗಿಸಿ. ಜಿ–ಡಿ–ಸಿ ಅಂತ ಹೋಗೋ ಕಾರ್ಡುಗಳು ಸಿ–ಡಿ–ಜಿ ಆಗಿ ಬರ್ತವೆ, ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೀಟು ಸರಿಯಾಗಿ ಬೀಟಿನ ಮೇಲೆ ಬೀಳಲಿ. ತಿರುಗಿಸಿದಾಗ ಸ್ವರ ಉಬ್ಬುತ್ತಾ ಬಂದು ಬೀಟಿಗೇ ಕಡಿಯುತ್ತೆ. ಮೀಟು ಕಡಿಮೆ, ಸ್ವರ ಉದ್ದ, ಕಂಪ್ರೆಷನ್ ಜಾಸ್ತಿ. ರಿವರ್ಬ್ ತಿರುಗಿಸಿದ ಮೇಲೆಯೇ ಹಾಕಿ. ಇನ್ನೊಂದು, ರೆಕಾರ್ಡಿಂಗ್ 10 ಮಿಲಿಸೆಕೆಂಡ್ ತಡವಾಗಿದ್ದರೆ ತಿರುಗಿಸಿದ ಮೇಲೆ ಅಷ್ಟೇ ಮುಂಚೆ ಬರುತ್ತೆ, ಬಲಕ್ಕೆ ಸರಿಸಬೇಕು. ಎಡಕ್ಕೆ ಎಳೆದರೆ ತಪ್ಪು ಇಮ್ಮಡಿ.

ಉತ್ತರ:
ದನಿಯ ವಿಷಯ. ಬೀಟಲ್ಸ್ ರೆಕಾರ್ಡ್ ಮಾಡ್ತಿದ್ದ ಲಂಡನ್ನಿನ ಅಬ್ಬೇ ರೋಡ್ ಸ್ಟುಡಿಯೋದ ಕೆನ್ ಟೌನ್‌ಸೆಂಡ್ 1966ರಲ್ಲಿ ಮಾಡಿದ ಎಡಿಟಿ (ಆರ್ಟಿಫಿಷಿಯಲ್ ಡಬಲ್ ಟ್ರ್ಯಾಕಿಂಗ್) ಅಂದರೆ ಅದೇ ದನಿಯನ್ನು ಇನ್ನೊಂದು ಟೇಪ್ ಯಂತ್ರದಲ್ಲಿ ಓಡಿಸಿ, ಅದರ ವೇಗವನ್ನು ಕೈಯಲ್ಲಿ ತುಸು ಆಡಿಸೋದು. ನಕಲು ಟ್ರ್ಯಾಕನ್ನು 25–35 ಮಿಲಿಸೆಕೆಂಡ್ ಹಿಂದೆ ಇಡಿ, ಆ ತಡವನ್ನು 1–3 ಮಿಲಿಸೆಕೆಂಡಿನಷ್ಟು ನಿಧಾನವಾಗಿ ಅಲುಗಿಸಿ. ಎಲ್‌ಎಫ್‌ಒ (ಒಂದೇ ಸಮ ಅಲುಗಿಸೋ ಅಲೆ) ಬೇಡ, ಆಟೊಮೇಷನ್ ಗೆರೆಯನ್ನು ಕೈಯಲ್ಲೇ ಸೊಟ್ಟಪಟ್ಟ ಎಳೆಯಿರಿ. ತಡ 10 ಮಿಲಿಸೆಕೆಂಡಿಗಿಂತ ಕೆಳಗಿಳಿದರೆ ಎರಡೂ ಒಂದನ್ನೊಂದು ಕಡಿದು ದನಿ ತೆಳ್ಳಗಾಗುತ್ತೆ.

ಸ್ಮಾಲ್ ಫೇಸಸ್ 1967ರ ‘ಇಚಿಕೂ ಪಾರ್ಕ್’ನಲ್ಲಿ ಕೇಳೋ ವಿಮಾನದಂಥ ‘ಹುಶ್’ ಬೇಕಿದ್ದರೆ ನಕಲು ಮೂಲವನ್ನು ದಾಟಿ ಹೋಗಬೇಕು. ಮೂಲವನ್ನೂ 5 ಮಿಲಿಸೆಕೆಂಡ್ ತಡ ಮಾಡಿ, ನಕಲನ್ನು 0ಯಿಂದ 10ಕ್ಕೆ ಜಾರಿಸಿ. ಮಾಮೂಲಿ ಫ್ಲ್ಯಾಂಜರ್ ಪೆಡಲ್‌ಗಳಲ್ಲಿ ಈ ದಾಟು ಇರಲ್ಲ, ಅದಕ್ಕೇ ಆ ರುಚಿ ಬರಲ್ಲ.

ಲೆಸ್ಲಿ (ಒಳಗೆ ಹಾರ್ನ್, ರೋಟರ್ ಸುತ್ತುವ ಸ್ಪೀಕರ್ ಪೆಟ್ಟಿಗೆ) ಪ್ಲಗಿನ್ ಹಾಕೋದಾದರೆ ನಿಧಾನಕ್ಕೆ ನಿಮಿಷಕ್ಕೆ 40ರ ಆಸುಪಾಸು ಸುತ್ತು, ಜೋರಿಗೆ 400. ಹಾರ್ನ್ ಬೇಗ ವೇಗ ಹಿಡಿಯುತ್ತೆ, ಕೆಳಗಿನ ಬಾಸ್ ರೋಟರ್ ಹಲವು ಸೆಕೆಂಡ್ ತೆಗೆದುಕೊಳ್ಳುತ್ತೆ. ಎರಡನ್ನೂ ಒಟ್ಟಿಗೆ ಓಡಿಸೋ ಅಗ್ಗದ ಪ್ಲಗಿನ್ ಕೇಳಿದ ತಕ್ಷಣ ಸಿಕ್ಕಿಬೀಳುತ್ತೆ. ಬೀಟಲ್ಸ್‌ನ ‘ಟುಮಾರೋ ನೆವರ್ ನೋಸ್’ನಲ್ಲಿ ಜಾನ್ ಲೆನನ್ ದನಿ ಲೆಸ್ಲಿಗೆ ಹೋಗೋದು ಉತ್ತರಾರ್ಧದಲ್ಲಿ ಮಾತ್ರ. ಹಾಡಿನುದ್ದಕ್ಕೂ ಹಾಕಬೇಡಿ.

ಉತ್ತರ:
ಮಿಕ್ಸ್ ಮೋನೋದಲ್ಲೇ ಮಾಡಿ. 1967ರಲ್ಲಿ ಅಬ್ಬೇ ರೋಡಿನವರಿಗೆ ಇದ್ದದ್ದೇ ನಾಲ್ಕು ಟ್ರ್ಯಾಕ್. ಬಾಸ್ ಡ್ರಮ್ಮಿನೊಳಗೆ ಉಣ್ಣೆ ಸ್ವೆಟರ್ ತುರುಕಿ, ಮೈಕ್ ನಾಲ್ಕು ಬೆರಳು ದೂರ ಇಟ್ಟು, ಕಂಪ್ರೆಸರ್ ಗಟ್ಟಿ ಹಿಂಡಿ.

ಉತ್ತರ:
ಫಝ್ ಕೊಂಡುಕೊಳ್ಳಬೇಡಿ, ಕಟ್ಟಿ. 1966ರಲ್ಲಿ ಲಂಡನ್ನಿನ ಆರ್ಬಿಟರ್ ತಂದ ಫಝ್ ಫೇಸ್‌ನಲ್ಲಿ ಇರೋದು ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸೋ ಗುಬ್ಬಿಯ ರೆಸಿಸ್ಟರ್), ಅಷ್ಟೇ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗೋಕಾಗುತ್ತೆ ಅಂದ್ರೆ ಕೆಲಸ ಸಲೀಸು. ಸಿಲಿಕಾನ್ ಆವೃತ್ತಿಗೆ ಬಿಸಿ108, ಸಿಗದಿದ್ದರೆ ಬಿಸಿ547ಎ. ಸಿ ಗ್ರೇಡ್ ಬೇಡ, ಗೇನ್ ಜಾಸ್ತಿಯಾಗಿ ಶಿಳ್ಳೆ ಹೊಡೆಯುತ್ತೆ. ಬಿಸಿ108ರಲ್ಲಿ ಲೋಹದ ಕಿವಿ ಇರೋ ಕಡೆ ಎಮಿಟರ್. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆಗಿದ್ದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್.

ಗಿಟಾರಿನಿಂದ 2.2 ಮೈಕ್ರೋಫ್ಯಾರಡ್ ಮೂಲಕ ಮೊದಲನೆಯದರ ಬೇಸಿಗೆ, ಪ್ಲಸ್ ಕಾಲು ಬೇಸ್ ಕಡೆ. ಅದರ ಎಮಿಟರ್ ನೇರ ಗ್ರೌಂಡಿಗೆ. ಕಲೆಕ್ಟರಿನಿಂದ 33 ಕೆ 9 ವೋಲ್ಟಿಗೆ, ಅದೇ ಕಲೆಕ್ಟರ್ ಎರಡನೆಯದರ ಬೇಸಿಗೆ. ಎರಡನೆಯದರ ಕಲೆಕ್ಟರಿನಿಂದ 8.2 ಕೆ, ಅದರ ಮೇಲೆ 330 ಓಮ್, ಅಲ್ಲಿಂದ 9 ವೋಲ್ಟ್. ಈ ಎರಡೂ ಸೇರೋ ಜಾಗದಿಂದ 0.01 ಮೈಕ್ರೋಫ್ಯಾರಡ್ ಮೂಲಕ 500 ಕೆ ವಾಲ್ಯೂಮ್ ಪಾಟಿಗೆ. ಎರಡನೇ ಎಮಿಟರಿನಿಂದ ಗ್ರೌಂಡಿಗೆ 1 ಕೆ ಫಝ್ ಪಾಟ್, ಅದರ ನಡು ಕಾಲಿನಿಂದ 22 ಮೈಕ್ರೋಫ್ಯಾರಡ್ ಗ್ರೌಂಡಿಗೆ. ಅದೇ ಎಮಿಟರಿನಿಂದ ಮೊದಲ ಬೇಸಿಗೆ 100 ಕೆ.

8.2 ಕೆ ಬದಲು 10 ಕೆ ಟ್ರಿಮ್‌ಪಾಟ್ ಹಾಕಿ, ಎರಡನೇ ಕಲೆಕ್ಟರಿನಲ್ಲಿ ಸುಮಾರು 4.5 ವೋಲ್ಟ್ ಬರೋವರೆಗೆ ತಿರುಗಿಸಿ. ಬಯಾಸ್ (ಈ ವೋಲ್ಟೇಜ್ ಹೊಂದಿಕೆ) ತಪ್ಪಿದರೆ ಸ್ವರ ಉಸಿರುಗಟ್ಟಿ ಉದುರುತ್ತೆ. ಸದ್ದು ಸಾಲದಿದ್ದರೆ 330 ಜಾಗದಲ್ಲಿ 1 ಕೆ. ರೇಡಿಯೊ ಸ್ಟೇಷನ್ ಕೇಳಿಸೋಕೆ ಶುರುವಾದರೆ ಮೊದಲ ಟ್ರಾನ್ಸಿಸ್ಟರಿನ ಬೇಸ್–ಕಲೆಕ್ಟರ್ ನಡುವೆ 100 ಪಿಕೋಫ್ಯಾರಡ್.

ಉತ್ತರ:
ಮೇಲಿನವರು ಸಿಲಿಕಾನ್ ಅಂದ್ರು. ಆದ್ರೆ 1966–67 ಅಂದ್ರೆ ಜರ್ಮೇನಿಯಂ ಸ್ವಾಮಿ, ಇನ್ನೂ ಮೃದು. ತೊಂದರೆ ಎರಡು. ಬಿಸಿಲಿಗೆ ಬಯಾಸ್ ಜಾರುತ್ತೆ. ಹಳೆಯ ಪಿಎನ್‌ಪಿ ಸರ್ಕ್ಯೂಟ್ ಪಾಸಿಟಿವ್ ಗ್ರೌಂಡ್ ಆದ್ದರಿಂದ ಬೇರೆ ಪೆಡಲ್‌ಗಳ ಜೊತೆ ಒಂದೇ ಅಡಾಪ್ಟರಿಗೆ ಸೇರಿಸಿದರೆ ಶಾರ್ಟ್. ಪ್ರತ್ಯೇಕ 9 ವೋಲ್ಟ್ ಬ್ಯಾಟರಿ ಹಾಕಿ.

ಯಾವುದಾದರೂ ಸರಿ, ಗಿಟಾರ್ ಆದಮೇಲೆ ಮೊದಲ ಪೆಡಲ್ ಇದೇ ಇರಬೇಕು. ಇನ್‌ಪುಟ್ ಇಂಪಿಡೆನ್ಸ್ ತೀರಾ ಕಡಿಮೆ. ಇದಕ್ಕೆ ಮುಂಚೆ ಬಫರ್ (ಸಿಗ್ನಲ್ ಗಟ್ಟಿ ಮಾಡೋ ಸರ್ಕ್ಯೂಟ್) ಇರೋ ಟ್ಯೂನರ್ ಇಟ್ಟರೆ ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿದಾಗ ಸದ್ದು ತಿಳಿಯಾಗೋ ಗುಣವೇ ಹೋಗುತ್ತೆ. ಇಂಟರ್‌ಫೇಸಿಗೆ ಹಾಕೋವಾಗ ಕ್ಯಾಬಿನೆಟ್ ಐಆರ್ (ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಅನುಕರಿಸೋ ಫೈಲ್) ಕಡ್ಡಾಯ, ಇಲ್ಲಾಂದ್ರೆ ಜೇನುಹುಳುವಿನ ಗೂಡಿನಂತೆ ಗುಂಯ್ ಅನ್ನುತ್ತೆ.

ಯೂನಿ-ವೈಬ್ (ಸದ್ದು ಸುತ್ತಿದಂತೆ ಮಾಡೋ ಪೆಡಲ್) ತಗೊಳ್ಳಿ ಅಂತ ಯಾರಾದ್ರೂ ಹೇಳಿದರೆ ದುಡ್ಡು ಉಳಿಸಿ. ಅದು ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್‌ನ 1969ರ ವುಡ್‌ಸ್ಟಾಕ್ ಸದ್ದು, ನೀವು ಕೇಳ್ತಿರೋ ವರ್ಷದ್ದಲ್ಲ.

ಉತ್ತರ:
ತಂಬೂರಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆಯೇ ಸಾಕು. ‘ಟುಮಾರೋ ನೆವರ್ ನೋಸ್’ ಪೂರ್ತಿ ಸಿ ಮೇಲೆ ನಿಂತು, ಮೇಲಿನ ಕಾರ್ಡ್ ಮಾತ್ರ ಬಿ-ಫ್ಲ್ಯಾಟಿಗೆ ಹೋಗಿ ಬರುತ್ತೆ, ಶ್ರುತಿ ಹಿಡಿದು ಹಾಡು ಕಟ್ಟೋಕೆ ಒಳ್ಳೆ ಮಾದರಿ. ನಿಮ್ಮ ರಿಫ್‌ನಲ್ಲಿ ಪಂಚಮದ ಪಕ್ಕದ ಅರ್ಧ ಸ್ವರ ಬಂದರೆ ಪಂಚಮ ತಂತಿ ಕಿರಿಕಿರಿ ಮಾಡುತ್ತೆ, ಅದನ್ನು ಮಧ್ಯಮಕ್ಕೆ ಬದಲಿಸಿ. ಜೀವಾಳದ (ತಂತಿ ಕೆಳಗಿನ ನೂಲಿನ) ಝೇಂಕಾರ ಹೈ-ಹ್ಯಾಟ್ ಮೇಲೆ ಕೂರುತ್ತೆ, 5 ಕಿಲೋಹರ್ಟ್ಸ್‌ನಿಂದ ಮೇಲೆ ಸ್ವಲ್ಪ ತಗ್ಗಿಸಿ. ಮತ್ತೆ, ವೇಗ ಇಳಿಸೋ ಟ್ರ್ಯಾಕುಗಳ ಜೊತೆ ತಂಬೂರಿ ಸೇರಿಸಬೇಡಿ. ಎಲ್ಲ ಇಳಿಸಿ ಮುಗಿದ ಮೇಲೆ, ಕೊನೆಯ ಕೀಗೆ ಶ್ರುತಿ ಕೂರಿಸಿ ರೆಕಾರ್ಡ್ ಮಾಡಿ.