ಮಿಂಚಂಚೆ ‘ತಲುಪಿತು’ ಎನ್ನುವುದು ಯಾವಾಗ? – ರವಾನೆ, ಸ್ವೀಕೃತಿ, ಬಟವಾಡೆ

ಪದಬಲ್ಲವರಿಗೆ ನಮಸ್ಕಾರ.

ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರ ಸಂಘವೊಂದಕ್ಕೆ ಮಿಂಚಂಚೆ ಕಳಿಸಿಕೊಡುವ ಸೇವೆಯೊಂದನ್ನು ಆರಿಸಬೇಕಾಗಿದೆ. ಸದಸ್ಯರು ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ ಸುತ್ತಿನವರು. ಕೆಲವರಿಗೆ ತೋಟ ಇಲ್ಲಿ, ವಾಸ ಬೆಂಗಳೂರಿನಲ್ಲಿ. ಬೆಳಗಿನ ಚೆರ್ರಿ, ಪಾರ್ಚ್‌ಮೆಂಟ್ ಕಾಫಿಯ ಧಾರಣೆ, ಸಭೆಯ ನೋಟಿಸು, ವಂತಿಗೆಯ ರಸೀದಿ ಎಲ್ಲವೂ ಇವರಿಗೆ ಮಿಂಚಂಚೆಯಲ್ಲೇ ಹೋಗಬೇಕು. ಯಾವ ಸೇವೆ ಬೇಗ ಕಳಿಸುತ್ತದೆ, ಯಾವುದನ್ನು ನಂಬಬಹುದು ಎಂದು ಪರೀಕ್ಷಿಸಿ ಆಡಳಿತ ಮಂಡಳಿಗೆ ಕನ್ನಡದಲ್ಲಿ ವರದಿ ಕೊಡುವ ಕೆಲಸ ನನ್ನದು. ‘ತಲುಪಿತು’ ಎಂಬ ಪದವನ್ನು ಎಲ್ಲಿ ಬಳಸಬೇಕು ಎನ್ನುವುದು ತೀರ್ಮಾನವಾಗದೆ ಈ ವರದಿ ಮುಂದಕ್ಕೆ ಹೋಗುವಂತಿಲ್ಲ.

ಸೇವೆಯವರು ತಲುಪಿತು ಎನ್ನುವುದು ಬೇರೆ, ಸದಸ್ಯರು ಎನ್ನುವುದು ಬೇರೆ. ಮಿಂಚಂಚೆ ಸಾಗುವುದು ಎಸ್‌ಎಂಟಿಪಿ ಎಂಬ ಕಟ್ಟಳೆಯ ಪ್ರಕಾರ. 1982ರಲ್ಲಿ ಜಾನ್ ಪೋಸ್ಟೆಲ್ ಬರೆದದ್ದು, 2008ರಲ್ಲಿ ಪರಿಷ್ಕಾರವಾಗಿದೆ. ಕಳಿಸುವ ಸರ್ವರ್ (ಮಿಂಚಂಚೆ ಸಾಗಿಸುವ ಕಂಪ್ಯೂಟರು) ಪತ್ರ ಒಪ್ಪಿಸಿದ ಮೇಲೆ ಪಡೆಯುವ ಸರ್ವರ್ 250 ಎಂಬ ಸಂಖ್ಯೆ ಕೊಟ್ಟರೆ, ಪತ್ರ ತನ್ನ ವಶಕ್ಕೆ ಬಂತು, ಇನ್ನು ಹೊಣೆ ತನ್ನದು ಎಂದು ಅರ್ಥ. ಸೇವೆಯವರ ಲೆಕ್ಕದಲ್ಲಿ ಸಾಮಾನ್ಯವಾಗಿ ‘ಡೆಲಿವರ್ಡ್’ ಎಂದು ಬೀಳುವುದು ಈ ಹಂತಕ್ಕೇ. ಆಮೇಲೆ ಪತ್ರ ಇನ್‌ಬಾಕ್ಸಿಗೆ ಬಿತ್ತೇ, ಸ್ಪ್ಯಾಮಿಗೆ, ಅಂದರೆ ಕಸದ ಪತ್ರಗಳ ಪೆಟ್ಟಿಗೆಗೆ, ಹೋಯಿತೇ ಎನ್ನುವುದು ಆ 250ರಿಂದ ತಿಳಿಯುವುದಿಲ್ಲ.

ಡೆಲಿವರಿಗೆ ಅಂಚೆಯ ಕನ್ನಡದಲ್ಲಿ ಬಟವಾಡೆ ಎನ್ನುತ್ತಾರೆ. ನಮ್ಮ ತೋಟಗಳಲ್ಲಿ ಬಟವಾಡೆ ಅಂದರೆ ಮೊದಲು ನೆನಪಾಗುವುದು ಕೂಲಿಯ ಬಟವಾಡೆ. ತೋಟದ ಲೆಕ್ಕ ಬರೆಯುವ ರೈಟರು ಒಬ್ಬೊಬ್ಬರ ಹೆಸರು ಕೂಗಿ, ಲೆಕ್ಕ ಓದಿ, ಹಣವನ್ನು ಕೈಗಿಟ್ಟಾಗಲೇ ಬಟವಾಡೆ ಆದಂತೆ. ಬ್ಯಾಂಕಿನಿಂದ ಹಣ ತಂದು ಬಂಗಲೆಯಲ್ಲಿ ಇಟ್ಟ ಮಾತ್ರಕ್ಕೆ ಯಾರೂ ಹಾಗೆ ಹೇಳುವುದಿಲ್ಲ. ಈ ಬಳಕೆ ನನಗೆ ಬಹಳ ಖಚಿತವಾಗಿ ಕಾಣುತ್ತದೆ. ಆದ್ದರಿಂದ 250 ಬಂದ ಹಂತಕ್ಕೆ ಬಟವಾಡೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಸೇವೆಯ ಕೈಬಿಟ್ಟದ್ದು ರವಾನೆ, ಎದುರಿನ ಸರ್ವರ್ ವಶಕ್ಕೆ ಪಡೆದದ್ದು ಸ್ವೀಕೃತಿ, ಸದಸ್ಯರ ಇನ್‌ಬಾಕ್ಸಿಗೆ ಬಿದ್ದದ್ದು ಬಟವಾಡೆ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ‘ತಲುಪಿತು’ ಎಂಬುದನ್ನು ವರದಿಯಿಂದ ಪೂರ್ತಿ ತೆಗೆದಿದ್ದೇನೆ.

ಅಂಚೆ ಎಂಬ ಪದ ಇಂದಿಗೂ ಬಿಡದೆ ಉಳಿದಿರುವುದು ನನಗೆ ಸಂತೋಷದ ಸಂಗತಿ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ಸೇರಿಹೋದರೂ ಹೆಸರು ನಿಂತಿತು. ತಿರುವಾಂಕೂರಿನವರು ತಮ್ಮ ಅಂಚೆಯನ್ನು ಅಂಚಲ್ ಎನ್ನುತ್ತಿದ್ದರು. ಇಂಥ ಬೇರಿರುವ ಪದ ಇರುವಾಗ ಮಿಂಚಂಚೆಯ ಒಳಗಿನ ಕೆಲಸಗಳಿಗೂ ಅಂಚೆಕಚೇರಿಯ ಪದಗಳನ್ನೇ ಮೊದಲು ಹುಡುಕಬೇಕು ಎನ್ನುವುದು ನನ್ನ ನಿಲುವು. ಮಿಂಚಂಚೆಯ ತಲೆಬರಹದಲ್ಲಿ (ಹೆಡರ್), ಹಾದುಬಂದ ಪ್ರತಿ ಸರ್ವರೂ ‘ರಿಸೀವ್ಡ್’ ಎಂಬ ಸಾಲು ಸೇರಿಸಿ ವೇಳೆ ಬರೆಯುತ್ತದೆ. ಅದಕ್ಕೆ ‘ಠಸ್ಸೆ’ ಎಂದಿದ್ದೇನೆ. ಕೆಳಗಿನ ಠಸ್ಸೆ ಮೊದಲಿನದು, ಮೇಲಿನದು ಕೊನೆಯದು. ಎರಡು ಠಸ್ಸೆಗಳ ನಡುವಿನ ವ್ಯತ್ಯಾಸ ನೋಡಿದರೆ ಪತ್ರ ಎಲ್ಲಿ ನಿಂತಿತ್ತು ಎಂದು ತಿಳಿಯುತ್ತದೆ, ಸರ್ವರುಗಳ ಗಡಿಯಾರ ಸರಿಯಿದ್ದರೆ.

ಇನ್ನು ‘ವೇಗ’. ಗಂಟೆಗೆ ಎಷ್ಟು ಪತ್ರ ಕಳಿಸಬಲ್ಲದು ಎನ್ನುವುದೂ ವೇಗ, ಒಂದು ಪತ್ರಕ್ಕೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದೂ ವೇಗ. ಧಾರಣೆಯ ಪತ್ರಕ್ಕೆ ಬೇಕಾದದ್ದು ಎರಡನೆಯದು. ‘ವಿಳಂಬ’ ಎಂದು ನೋಡಿದೆ, ಅದರಲ್ಲಿ ತಪ್ಪಿನ ವಾಸನೆ ಇದೆ. ಎರಡು ಸೆಕೆಂಡಿನಲ್ಲಿ ಹೋದದ್ದಕ್ಕೂ ವಿಳಂಬ ಎನ್ನಲಾಗದು. ‘ಹಿಡಿದ ಹೊತ್ತು’ ಎಂದರೆ ಸಾಕಲ್ಲವೇ? ಮೊದಲನೆಯದಕ್ಕೆ ‘ಗಂಟೆವಾರು ರವಾನೆ’. ಸರಾಸರಿಯೊಂದನ್ನೇ ಕೊಟ್ಟರೆ, ಬಹಳ ಹೊತ್ತು ಸಿಕ್ಕಿಕೊಂಡ ಪತ್ರಗಳು ಅದರಲ್ಲಿ ಮರೆಯಾಗುತ್ತವೆ. ಹಾಗಾಗಿ ‘ನೂರರಲ್ಲಿ ತೊಂಬತ್ತೈದು ಪತ್ರಗಳು ಇಷ್ಟು ಹೊತ್ತಿನೊಳಗೆ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಇದಕ್ಕೆ ಒಂದೇ ಪದ ಬೇಕು ಅಂತ ನನಗೆ ಅನಿಸಿಲ್ಲ. ಮಂಡಳಿಯ ಹಿರಿಯರಿಗೆ ಬಿಡಿಸಿದ ಮಾತೇ ಅರ್ಥವಾಗುತ್ತದೆ.

ಪತ್ರವನ್ನು ಎದುರಿನ ಸರ್ವರ್ ಒಪ್ಪದಿರುವ ‘ಬೌನ್ಸ್’ಗೆ ಕೆಲವರು ಪುಟಿತ ಎನ್ನುತ್ತಾರೆ, ಗಟ್ಟಿ ಪುಟಿತ, ಮೆದು ಪುಟಿತ ಎಂದೂ ಮಾಡಿದ್ದಾರೆ. ಇದು ನನಗೆ ಹಿಡಿಸುವುದಿಲ್ಲ, ಅರ್ಥವೂ ಕೆಡುತ್ತದೆ. ಎದುರಿನ ಸರ್ವರ್ 550ರಂಥ ಐದರಿಂದ ಶುರುವಾಗುವ ಸಂಖ್ಯೆ ಕೊಟ್ಟರೆ ಕಾಯಂ ನಿರಾಕರಣೆ, ಪತ್ರ ‘ವಾಪಸ್’. ನಾಲ್ಕರಿಂದ ಶುರುವಾದರೆ, ಈಗ ಆಗದು, ಆಮೇಲೆ ಬಾ ಎಂದಷ್ಟೇ. ಗುರುತಿಲ್ಲದ ಸರ್ವರನ್ನು ಕೆಲವು ಕಡೆ ಬೇಕೆಂದೇ ಹೀಗೆ ಕಾಯಿಸುತ್ತಾರೆ, ಏಕೆಂದರೆ ಕಸದ ಪತ್ರ ಕಳಿಸುವವರು ಎಷ್ಟೋ ಸಲ ಮತ್ತೆ ಬರುವುದಿಲ್ಲ. ಮರುಪ್ರಯತ್ನದ ನಡುವೆ ಸಾಮಾನ್ಯವಾಗಿ 30 ನಿಮಿಷವಾದರೂ ಬಿಡಬೇಕು, ಕೈಬಿಡುವ ಮುನ್ನ ನಾಲ್ಕೈದು ದಿನ ಪ್ರಯತ್ನಿಸಬೇಕು ಎಂದು ಕಟ್ಟಳೆ ಹೇಳುತ್ತದೆ. ಅಂದರೆ ಆ ಪತ್ರ ಹಿಂದಕ್ಕೆ ಬಂದಿಲ್ಲ, ಸರದಿಯಲ್ಲಿ ಕಾಯುತ್ತಿದೆ. ಅದಕ್ಕೆ ‘ಬಾಕಿ’ ಎನ್ನುವುದೇ ಸರಿ ಎಂದು ನನ್ನ ಭಾವನೆ. ಬಾಕಿ ಪತ್ರವನ್ನು ಎಷ್ಟು ಹೊತ್ತಿಗೊಮ್ಮೆ ಮತ್ತೆ ಕಳಿಸುತ್ತಾರೆ ಎನ್ನುವುದರಲ್ಲಿ ಒಳ್ಳೆಯ ಸೇವೆ, ಸಾಧಾರಣ ಸೇವೆಗಳ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ.

ಹೆಚ್ಚು ಚರ್ಚೆ ಬೇಕಾದದ್ದು ‘ವಿಶ್ವಾಸಾರ್ಹತೆ’. ಜಾಹೀರಾತುಗಳಲ್ಲಿ 99.9 ಶೇಕಡಾ ಎಂದಿರುತ್ತದೆ. ಅದು ಸೇವೆ ಎಚ್ಚರವಾಗಿರುವ ಕಾಲದ ಲೆಕ್ಕ, ಮೂವತ್ತು ದಿನಕ್ಕೆ ಸುಮಾರು 43 ನಿಮಿಷ ನಿಂತರೂ ಮಾತು ತಪ್ಪಿದಂತಾಗದು. ಪತ್ರಗಳ ಬಟವಾಡೆಗೂ ಅದಕ್ಕೂ ನೇರ ಸಂಬಂಧವಿಲ್ಲ. ಒಂದೇ ಪದದಲ್ಲಿ ಎರಡನ್ನೂ ಹೇಳಿದರೆ ಓದುವವರು ಮೋಸಹೋಗುತ್ತಾರೆ. ಎಚ್ಚರವಾಗಿರುವುದಕ್ಕೆ ‘ಲಭ್ಯತೆ’ ಇರಲಿ, ಬಟವಾಡೆಯ ಪ್ರಮಾಣವನ್ನು ಬೇರೆಯಾಗಿಯೇ ಬರೆಯೋಣ. ಅದನ್ನು ಅಳೆಯಲು ಬೇರೆ ಬೇರೆ ಕಂಪನಿಗಳಲ್ಲಿ ನಮ್ಮದೇ ಮಿಂಚಂಚೆ ಪೆಟ್ಟಿಗೆಗಳನ್ನು ತೆರೆದು, ಎಲ್ಲ ಸೇವೆಗಳಿಂದಲೂ ಒಂದೇ ಪತ್ರ ಕಳಿಸಿ, ಎಲ್ಲಿ ಬಿತ್ತೆಂದು ಕಣ್ಣಾರೆ ನೋಡಬೇಕು. ಪತ್ರದೊಳಗಿನ ಚಿತ್ರ ತರಿಸಿಕೊಂಡದ್ದನ್ನು ನೋಡಿ ಹಾಕುವ ‘ತೆರೆದವರು’ ಎಂಬ ಲೆಕ್ಕವನ್ನು ನಾನು ಪರಿಗಣಿಸುತ್ತಿಲ್ಲ. 2021ರಿಂದ ಆಪಲ್‌ನ ಮೇಲ್ ಆ್ಯಪ್, ಖಾಸಗಿತನದ ರಕ್ಷಣೆ ಹಾಕಿಕೊಂಡವರಿಗೆ, ಪತ್ರದ ಚಿತ್ರಗಳನ್ನು ತಾನೇ ಮೊದಲು ತರಿಸಿಕೊಳ್ಳುವುದರಿಂದ ಓದದ ಪತ್ರವೂ ಓದಿದ ಲೆಕ್ಕಕ್ಕೆ ಸೇರುತ್ತದೆ. ಇನ್ನು ಆಟಿಯ ಮಳೆಗೆ ಮರ ಬಿದ್ದು ಕರೆಂಟು ಹೋಗಿ, ಟವರು ಸತ್ತು, ಸದಸ್ಯರು ಎರಡು ದಿನ ಬಿಟ್ಟು ಓದಿದರೆ ಅದು ಸೇವೆಯ ತಪ್ಪಲ್ಲ. ಬಟವಾಡೆ ಆಗಿಹೋಗಿದೆ, ಓದುವುದು ಬೇರೆ ಮಾತು.

ಹಾಗೆಯೇ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್. ಇವು ಪತ್ರ ನಿಜವಾಗಿ ನಮ್ಮ ಸಂಘದ ಹೆಸರಿನಲ್ಲೇ ಬಂದದ್ದೆಂದು ತೋರಿಸುವ ಏರ್ಪಾಡುಗಳು. ಜಿಮೇಲ್‌ಗೆ ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಈ ಮೂರನ್ನೂ ಕಡ್ಡಾಯ ಮಾಡಿದೆ. ನಮ್ಮದು ಅಷ್ಟು ದೊಡ್ಡ ಸಂಘವಲ್ಲ, ಆದರೂ ಇವಿಲ್ಲದೆ ಪರೀಕ್ಷೆ ಮಾಡಿದರೆ ನಮ್ಮ ಕೊರತೆಯನ್ನು ಸೇವೆಯ ಮೇಲೆ ಹೊರಿಸಿದಂತೆ. ಮೂರಕ್ಕೂ ಸೇರಿ ‘ಕಳಿಸಿದವರ ಗುರುತು’ ಎಂದು ಬರೆದಿದ್ದೇನೆ.

ಈಗ ನನ್ನ ಪ್ರಶ್ನೆಗಳು. ಸ್ವೀಕೃತಿ ಎಂದರೆ ರಿಜಿಸ್ಟರ್ ಪತ್ರಕ್ಕೆ ಪಡೆದವರು ಹಾಕಿದ ರುಜುವೂ ನೆನಪಾಗುವುದರಿಂದ, 250ರ ಹಂತಕ್ಕೆ ಅದು ಗೊಂದಲ ತರಬಹುದೇ? ‘ವಶಕ್ಕೆ’ ಅಥವಾ ‘ಜಮೆ’ ಎಂದರೆ ವಾಸಿಯೇ? ಇನ್ನೊಂದು, ಅಂಚೆಕಚೇರಿಗಳಲ್ಲಿ ದುಡಿದವರಿಗೆ: ಪತ್ರದ ಚೀಲ ಊರಿನ ಕಚೇರಿಗೆ ಬಂದಾಗಿದೆ, ಅಂಚೆಯಣ್ಣ ಇನ್ನೂ ಮನೆಗೆ ಕೊಟ್ಟಿಲ್ಲ, ಆ ನಡುವಿನ ಪತ್ರವನ್ನು ನೀವು ಏನೆಂದು ಕರೆಯುತ್ತಿದ್ದಿರಿ? ಮಡಿಕೇರಿ, ಸೋಮವಾರಪೇಟೆ ಕಡೆಯ ಬಳಕೆ ಗೊತ್ತಿದ್ದವರು ದಯವಿಟ್ಟು ತಿಳಿಸಿ. ವರದಿಯನ್ನು ಮಂಡಳಿಗೆ ಕೊಡುವ ಮೊದಲು ಆ ಪದವನ್ನು ಸೇರಿಸುತ್ತೇನೆ.