ಅಪ್‌ಡೇಟ್: ಬಟ್ಟಲಿನ ಗೋಲಿ ತಳದಲ್ಲೇ ಏಕೆ ನಿಲ್ಲುತ್ತದೆ?

ಭೌತವ್ಯವಸ್ಥೆಗಳು ಕಡಿಮೆ ಪ್ರಚ್ಛನ್ನ ಶಕ್ತಿಯತ್ತ (ಅಂದರೆ ಎತ್ತರದಂಥ ಸ್ಥಾನದಿಂದಾಗಿ ವಸ್ತುವಿನಲ್ಲಿ ಅಡಗಿರುವ ಶಕ್ತಿ) ಏಕೆ ಸಾಗುತ್ತವೆ ಎಂದು ಕಳೆದ ವಾರ ಕೇಳಿದ್ದೆ, ಉತ್ತರಿಸಿದವರಿಗೆಲ್ಲ ಧನ್ಯವಾದಗಳು.

ಬಲವು ಪ್ರಚ್ಛನ್ನ ಶಕ್ತಿ ಇಳಿಯುವ ದಿಕ್ಕಿಗೇ ಇರುತ್ತದೆ ಎಂಬ ಉತ್ತರ ಸರಿಯಾಗಿದ್ದರೂ ಸಾಲಲಿಲ್ಲ, ಏಕೆಂದರೆ ಘರ್ಷಣೆಯೇ ಇಲ್ಲದ ಬಟ್ಟಲಿನಲ್ಲಿ ಬಿಟ್ಟ ಗೋಲಿಯು ತಳವನ್ನು ದಾಟಿ ಎದುರು ಬದಿಯಲ್ಲಿ ಅಷ್ಟೇ ಎತ್ತರಕ್ಕೇರಿ, ಕೊನೆಯಿಲ್ಲದೆ ಓಲಾಡುತ್ತಲೇ ಇರುತ್ತದೆ. ನಿಸರ್ಗಕ್ಕೆ ಕಡಿಮೆ ಶಕ್ತಿಯೇ ಇಷ್ಟವೆಂಬ ಇನ್ನೊಂದು ಉತ್ತರ ನನ್ನ ಪ್ರಶ್ನೆಯನ್ನೇ ಮರಳಿ ಹೇಳಿದಂತಿತ್ತು.

ಗಂಟು ಬಿಡಿಸಿದ್ದು ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮವನ್ನು, ಅಂದರೆ ಶಕ್ತಿಯು ತಾನಾಗಿ ಹರಡಿಕೊಳ್ಳುವತ್ತಲೇ ಸಾಗುತ್ತದೆ ಎಂಬ ನಿಯಮವನ್ನು, ನೋಡಿ ಎಂದವರ ಸಲಹೆ. ಗೋಲಿಯ ಶಕ್ತಿ ನಾಶವಾಗುವುದಿಲ್ಲ. ಘರ್ಷಣೆಯಿಂದ ಅದು ಬಟ್ಟಲು ಮತ್ತು ಗಾಳಿಯ ಲೆಕ್ಕವಿಲ್ಲದಷ್ಟು ಅಣುಗಳಿಗೆ ಶಾಖವಾಗಿ ಹಂಚಿಹೋಗುತ್ತದೆ. ಹಾಗೆ ಹಂಚಿಹೋಗುವ ಬಗೆಗಳು ಅಪಾರವಾಗಿರುವುದರಿಂದ, ಆ ಶಕ್ತಿಯೆಲ್ಲ ಮತ್ತೆ ಒಗ್ಗೂಡಿ ಗೋಲಿಯನ್ನು ಮೇಲಕ್ಕೆತ್ತುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ.

ನನ್ನನ್ನು ನಿಜಕ್ಕೂ ಬೆರಗುಗೊಳಿಸಿದ್ದು ವಾಯುಮಂಡಲ. ಪ್ರಚ್ಛನ್ನ ಶಕ್ತಿಯೊಂದೇ ಮುಖ್ಯವಾಗಿದ್ದರೆ ಗಾಳಿಯೆಲ್ಲ ನೆಲಕ್ಕೆ ಕುಸಿದು ಬೀಳಬೇಕಿತ್ತು. ಆದರೆ ಅಣುಗಳ ಉಷ್ಣ ಚಲನೆಯ ಕಾರಣದಿಂದ ಸುಮಾರು 8 ಕಿಲೋಮೀಟರ್ ಎತ್ತರದಲ್ಲೂ ಸಮುದ್ರಮಟ್ಟದ ಒತ್ತಡದ ಮೂರನೇ ಒಂದರಷ್ಟು ಉಳಿದಿರುತ್ತದೆ. ಗೋಲಿಯ ತೂಕದೆದುರು ಅದೇ ಉಷ್ಣ ಚಲನೆ ತೀರಾ ನಗಣ್ಯವಾದ್ದರಿಂದಲೇ ಗೋಲಿ ತಳದಲ್ಲಿ ನಿಲ್ಲುತ್ತದೆ.